ಕನ್ನಡಕದವರ ಕಣ್ಣು

ಹಳೆಯ ವಾರ್ನಿಷ್ಷಿಗೆ ಒಂದು ವಾಸನೆಯಿದೆ. ಸ್ವಲ್ಪ ಸಿಹಿ, ಸ್ವಲ್ಪ ಕಮಟು. ಹೋದ ವಾರ ನನ್ನ ಕ್ಲಿನಿಕ್ಕಿನ ಗೋಡೆಗೆ ಬಣ್ಣ ಬಳಿಯಲು ಬಂದವರು, ಮೊಳೆಗೆ ನೇತುಹಾಕಿದ್ದನ್ನೆಲ್ಲ ಒಂದೊಂದಾಗಿ ಇಳಿಸಿ ನನ್ನ ಮೇಜಿನ ಮೇಲೆ ಪೇರಿಸುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಎಲ್ಲಕ್ಕಿಂತ ಮೇಲೆ ಕಣ್ಣು ಪರೀಕ್ಷೆಯ ಅಕ್ಷರದ ಹಲಗೆ ಇತ್ತು. ದಪ್ಪ ರಟ್ಟಿಗೆ ಕನ್ನಡ ಅಕ್ಷರಗಳ ಹಾಳೆ ಅಂಟಿಸಿ, ಮೇಲೆ ವಾರ್ನಿಷ್ ಬಳಿದದ್ದು. ಮೇಲಿನ ಸಾಲಿನಲ್ಲಿ ಅಂಗೈಯಗಲದ ಒಂದೇ ಒಂದು ‘ಟ’. ಕೆಳಗಿಳಿದಂತೆ ಅಕ್ಷರಗಳು ಸಣ್ಣದಾಗುತ್ತ, ಕೊನೆಯ ಸಾಲಿನಲ್ಲಿ ಸಾಸಿವೆಯಷ್ಟು. ಬಿಳಿ ಹಾಳೆ ಈಗ ಕಾಫಿ ಬಣ್ಣಕ್ಕೆ ತಿರುಗಿದೆ.

“ಇದನ್ನ ಎಸೆಯೋಣ್ವಾ ಡಾಕ್ಟ್ರೇ?” ಎಂದು ಸಿಸ್ಟರ್ ಕೇಳಿದರು. ನಾನು ಬೇಡ ಎಂದೆ. ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಅವರು ಕೇಳಲಿಲ್ಲ. ಅದನ್ನು ಕೊಟ್ಟವರು ಯಾರೆಂದು ಸಿಸ್ಟರಿಗೂ ಗೊತ್ತು.

ಕುಂಬಾರಕೊಪ್ಪಲಿನಲ್ಲಿ ನಾನು ಕ್ಲಿನಿಕ್ ತೆರೆದಾಗ ನನಗೆ ಮೂವತ್ತು ತುಂಬಿರಲಿಲ್ಲ. ಬೋರ್ಡಿನ ಮೇಲೆ ಹೆಸರು ದೊಡ್ಡದಾಗಿತ್ತು, ಒಳಗೆ ರೋಗಿಗಳಿರಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಪೇಪರಿನ ವಧೂವರರ ಕಾಲಂ ಸಮೇತ ಓದಿ ಮುಗಿಸುತ್ತಿದ್ದೆ. ಮೂರು ಅಂಗಡಿ ಆಚೆ ಒಂದು ಕನ್ನಡಕದ ಅಂಗಡಿ ಇತ್ತು. ಅದರ ಮಾಲೀಕರು ಒಂದು ಬೆಳಿಗ್ಗೆ ಈ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಬಿಳಿ ಅಂಗಿ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ. “ಡಾಕ್ಟ್ರ ಗೋಡೆ ಖಾಲಿ ಇರಬಾರದು ಕಣ್ರೀ, ಜನಕ್ಕೆ ಭಯ ಆಗ್ತದೆ” ಎಂದು ಹೇಳಿ, ತಾವೇ ಮೊಳೆ ಹೊಡೆದು, ತಾವೇ ಹೆಜ್ಜೆ ಅಳೆದು, ರೋಗಿ ಕೂರಬೇಕಾದ ಜಾಗಕ್ಕೆ ಸ್ಟೂಲು ಎಳೆದಿಟ್ಟು ಹೋದರು. ತಮ್ಮ ಅಂಗಡಿಗೆ ಮಾಡಿಸಿದಾಗಲೇ ಅದರ ಜೋಡಿಯನ್ನೂ ಮಾಡಿಸಿದ್ದರಂತೆ. ಅವರ ಅಂಗಡಿಯಲ್ಲೂ ಅದೇ ಹಲಗೆ, ಅದೇ ಅಕ್ಷರ, ಅದೇ ಕ್ರಮ.

ಅವರನ್ನು ನಮ್ಮ ಬೀದಿಯಲ್ಲಿ ಎಲ್ಲರೂ ‘ಕನ್ನಡಕದವರು’ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ, ಕೊನೆಯವರೆಗೆ.

ಕಣ್ಣಿನ ಡಾಕ್ಟರಿಕೆ ಓದಿದವರಲ್ಲ. ತಂದೆಯ ಅಂಗಡಿಯಲ್ಲಿ ಕೂತು ಕಲಿತ ಕಸುಬು. ಆದರೆ ಆ ಕಸುಬಿನಲ್ಲಿ ಅವರ ಸಮಕ್ಕೆ ನಿಲ್ಲುವವರನ್ನು ನಾನು ಕಂಡಿಲ್ಲ. ಗಿರಾಕಿ ಬಾಗಿಲಲ್ಲಿ ಚಪ್ಪಲಿ ಬಿಡುವ ರೀತಿ ನೋಡಿಯೇ ದೂರದೃಷ್ಟಿಯೋ ಸಮೀಪದೃಷ್ಟಿಯೋ ಹೇಳಿಬಿಡುತ್ತಿದ್ದರು. ಇನ್ನೊಂದು ವಿದ್ಯೆ ಇತ್ತು, ಅದರಿಂದ ನನಗೇ ಹೆಚ್ಚು ಉಪಕಾರವಾಯಿತು. ಯಾರ ಕನ್ನಡಕದ ನಂಬರು ಪದೇ ಪದೇ ಏರಿಳಿಯುತ್ತದೋ ಅವರ ರಕ್ತದಲ್ಲಿ ಸಕ್ಕರೆ ಇರಬಹುದು ಎನ್ನುವುದು ಅವರಿಗೆ ಅನುಭವದಿಂದ ಗೊತ್ತಿತ್ತು. ಹೊಸ ಫ್ರೇಮಿನ ಜೊತೆ ಬರುವ ಸಣ್ಣ ರಟ್ಟಿನ ಹಿಂದೆ, ದುಂಡಗಿನ ಅಕ್ಷರದಲ್ಲಿ, ‘ಈ ತಾಯಿಯ ನಂಬರು ಮೂರು ತಿಂಗಳಲ್ಲಿ ಎರಡು ಸಲ ಬದಲಾಗಿದೆ. ದಯಮಾಡಿ ಸಕ್ಕರೆ ನೋಡಿ’ ಎಂದು ಬರೆದು ನನ್ನ ಹತ್ತಿರ ಕಳಿಸುತ್ತಿದ್ದರು. ನೋಡಿದರೆ ಸಕ್ಕರೆ ಇರುತ್ತಿತ್ತು. ರೋಗಿ ನನ್ನನ್ನು ಹೊಗಳಿಕೊಂಡು ಹೋಗುತ್ತಿದ್ದರು. ನಾನೂ ಸುಮ್ಮನೆ ಹೊಗಳಿಸಿಕೊಳ್ಳುತ್ತಿದ್ದೆ. ಹಾಗೆ ನೋಡಿದರೆ ಸುಮ್ಮನಿರುವ ಅಭ್ಯಾಸ ನನಗೆ ಅಂದಿನಿಂದಲೇ ಇತ್ತು.

ಅವರದ್ದೊಂದು ಕಟ್ಟುಪಾಡು. ಗಿರಾಕಿಯ ಎದುರಿಗೆ ಇನ್ನೊಬ್ಬ ಕಸುಬಿನವನ ತಪ್ಪು ಆಡಬಾರದು. ಬೇರೆ ಕಡೆ ಮಾಡಿಸಿದ ಕನ್ನಡಕ ತಂದು, “ತಲೆನೋವು ಬರ್ತದೆ, ಅವನೇನು ಕುರುಡನಾ?” ಎಂದು ಯಾರಾದರೂ ರೇಗಿದರೆ, ಇವರು ಗಾಜನ್ನು ತಿರುಗಿಸಿ ನೋಡಿ, “ನೀವು ಕೆಳಗೆ ಬೀಳಿಸಿದ್ದೀರಿ, ಕೋನ ತಪ್ಪಿದೆ. ಬುಡಿ, ಸರಿ ಮಾಡಿಕೊಡ್ತೀನಿ” ಎನ್ನುತ್ತಿದ್ದರು. ಗಿರಾಕಿ ಹೋದ ಮೇಲೆ ಆ ಅಂಗಡಿಯವನಿಗೆ ಫೋನು ಮಾಡಿ, ಇಂಥ ಕಡೆ ನಂಬರು ತಪ್ಪಿದೆ ನೋಡಪ್ಪಾ ಎಂದು ಮೆಲ್ಲಗೆ ತಿಳಿಸುತ್ತಿದ್ದರು. ನನಗೆ ಇದು ಅತಿಯಾದ ಒಳ್ಳೆಯತನ ಎನ್ನಿಸುತ್ತಿತ್ತು. ಒಮ್ಮೆ ತಮಾಷೆಗೆ ಹೇಳಿಯೂ ಇದ್ದೆ. “ಜನ ನಂಬೋದು ಒಬ್ಬರನ್ನಲ್ಲ ಡಾಕ್ಟ್ರೇ, ಕಸುಬನ್ನ. ಒಂದು ಕಡೆ ನಂಬಿಕೆ ಹೋದರೆ ಕನ್ನಡಕಾನೇ ಹಾಕಲ್ಲ” ಎಂದಿದ್ದರು.

ಅವರ ಹೆಂಡತಿ ಇದಕ್ಕೆ ತದ್ವಿರುದ್ಧ. ಮಾತಿಗೆ ನಿಂತರೆ ಎದುರಿನವರು ಗಂಡನೋ ಗಿರಾಕಿಯೋ ದೇವರೋ ಎಂದು ನೋಡುತ್ತಿರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅಂಗಡಿಗೆ ಬರುವಾಗಲೇ ಬೈಗುಳ ಶುರುವಾಗುತ್ತಿತ್ತು. ಬೆಳಿಗ್ಗೆ ತಿಂಡಿ ಬಿಟ್ಟು ಬಂದದ್ದಕ್ಕೆ, ಮಠದ ಸ್ವಾಮಿಗಳ ಕನ್ನಡಕ ಸರಿಮಾಡಿ ಕೊಡುವುದು ತಡವಾದದ್ದಕ್ಕೆ, ಮಳೆಯಲ್ಲಿ ಕೊಡೆ ಮರೆತದ್ದಕ್ಕೆ. ಅವರು ನಗುತ್ತ ಡಬ್ಬಿ ಬಿಚ್ಚುತ್ತಿದ್ದರು. ಮುದ್ದೆಯ ಜೊತೆ ಬೈಗುಳವೂ ಇಲ್ಲದಿದ್ದರೆ ಅವರಿಗೆ ಹೊಟ್ಟೆ ತುಂಬುತ್ತಿರಲಿಲ್ಲವೇನೋ. ಅವರಿಬ್ಬರ ನಡುವೆ ಎಷ್ಟು ಪ್ರೀತಿ ಇತ್ತೆಂದು ನಾನು ಹೇಳಬೇಕಾಗಿಲ್ಲ, ಬೀದಿಗೇ ಗೊತ್ತಿತ್ತು.

ಅವರಿಗೆ ಸಕ್ಕರೆ ಕಾಯಿಲೆ ಬಂದದ್ದನ್ನೂ ಅವರೇ ಪತ್ತೆ ಹಚ್ಚಿದರು. ಐವತ್ತರ ಆಸುಪಾಸು. ಒಂದು ದಿನ ಬಂದು ಸ್ಟೂಲಿನ ಮೇಲೆ ಕೂತು, “ನನ್ನ ಕನ್ನಡಕ ನನಗೇ ಆಗ್ತಿಲ್ಲ ಡಾಕ್ಟ್ರೇ. ಒಂದು ಚೀಟಿ ನನಗೆ ನಾನೇ ಬರಕೊಂಡು ಬಂದ್ಬುಟ್ಟೆ” ಎಂದು ನಕ್ಕರು. ನಿಜವಾಗಿಯೂ ರಟ್ಟಿನ ಹಿಂದೆ ಬರೆದುಕೊಂಡು ಬಂದಿದ್ದರು. ನೋಡಿದರೆ ಸಕ್ಕರೆ ಮುನ್ನೂರು ದಾಟಿತ್ತು.

ಅಲ್ಲಿಂದ ಹನ್ನೆರಡು ವರ್ಷ ಅವರು ನನ್ನ ರೋಗಿ. ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದರು. ಅವರಂಥ ರೋಗಿ ಸಿಗುವುದು ಪುಣ್ಯ. ಮಾತ್ರೆ ಎಂದರೆ ಮಾತ್ರೆ, ನಡಿಗೆ ಎಂದರೆ ನಡಿಗೆ. ಮದುವೆ ಮನೆಯಲ್ಲಿ ಹೋಳಿಗೆಯನ್ನು ಮುರಿದು ಬೆಲ್ಲದ ಹೂರಣ ಪಕ್ಕಕ್ಕಿಟ್ಟು ಬರೀ ಕಣಕ ತಿಂದವರು. ನಾನು ಅವರ ಸಕ್ಕರೆ ನೋಡಿದೆ, ರಕ್ತದೊತ್ತಡ ನೋಡಿದೆ, ಮೂತ್ರ ನೋಡಿದೆ, ಕಾಲಿನ ಬೆರಳುಗಳ ಸಂದಿಯನ್ನೂ ಬಿಡದೆ ನೋಡಿದೆ. ವರ್ಷಕ್ಕೊಮ್ಮೆ ಅದೇ ಸ್ಟೂಲಿನ ಮೇಲೆ ಕೂರಿಸಿ, ಅವರೇ ತಂದ ಹಲಗೆಯನ್ನು ಓದಿಸಿದೆ. ಒಂದು ಕಣ್ಣಿಗೆ ಅಂಗೈ ಮುಚ್ಚಿ, ಸ್ಕೂಲಿನ ಮಗ್ಗಿಯ ರಾಗದಲ್ಲಿ, ಮೇಲಿನ ‘ಟ’ದಿಂದ ಕೊನೆಯ ಸಾಲಿನ “ದ ಗ ಪ ರ ನ ಲ ಬ ಯ”ದವರೆಗೆ ಸರಾಗವಾಗಿ ಓದುತ್ತಿದ್ದರು. ನಾನು ಅವರ ಫೈಲಿನಲ್ಲಿ ‘ಕಣ್ಣು: ಸರಿ’ ಎಂದು ಬರೆಯುತ್ತಿದ್ದೆ.

ಆ ಎರಡು ಪದಗಳನ್ನು ನಾನು ಹನ್ನೊಂದು ಸಲ ಬರೆದಿದ್ದೇನೆ. ಆಮೇಲೆ ಎಣಿಸಿದೆ.

ಈಗ ನನ್ನ ತಪ್ಪನ್ನು ಬಿಡಿಸಿ ಹೇಳಬೇಕು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನು ತಿನ್ನುವುದು ಸದ್ದಿಲ್ಲದೆ. ಅಲ್ಲಿನ ಕೂದಲೆಳೆಯಂಥ ರಕ್ತನಾಳಗಳು ಮೊದಲು ಉಬ್ಬುತ್ತವೆ, ಸೋರುತ್ತವೆ, ಆಮೇಲೆ ಬೇಡದ ಕಡೆ ಹೊಸ ನಾಳಗಳು ಹುಟ್ಟಿ ಒಡೆಯುತ್ತವೆ. ಇಷ್ಟೆಲ್ಲ ನಡೆಯುವಾಗಲೂ ಮನುಷ್ಯನಿಗೆ ಪೇಪರು ಓದಲು ಬರುತ್ತಿರುತ್ತದೆ. ಹಲಗೆ ಓದಿಸಿದರೆ ಅದು ಗೊತ್ತಾಗುವುದಿಲ್ಲ. ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲವಾದ ಮೇಲೆ ಒಳಗೆ ಇಣುಕಿ ನೋಡಬೇಕು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಕಣ್ಣಿನೊಳಗೆ ಇಣುಕುವ ಸಣ್ಣ ಟಾರ್ಚಿನಂಥ ಉಪಕರಣವನ್ನು ನಮ್ಮ ತಂದೆ ನಾನು ಪಾಸಾದ ಖುಷಿಗೆ ಕೊಡಿಸಿದ್ದರು. ಅದು ಮೇಜಿನ ಕೆಳಗಿನ ಡ್ರಾಯರಿನಲ್ಲಿ ಬ್ಯಾಟರಿ ಸೋರಿ, ಹಸಿರು ಕಿಲುಬು ಹಿಡಿದು ಬಿದ್ದಿತ್ತು. ಕಣ್ಣು ಕಣ್ಣಿನ ಡಾಕ್ಟರರ ಪಾಲಿನದು, ನಮ್ಮದು ಸಕ್ಕರೆ ಇಳಿಸುವ ಕೆಲಸ ಎಂದು ನನ್ನಂಥ ಎಷ್ಟೋ ಜನ ಅಂದುಕೊಂಡಿದ್ದೆವು. ಕಾಣುವುದಿಲ್ಲ ಎಂದು ಬಂದವರನ್ನು ಕಳಿಸುತ್ತಿದ್ದೆವು. ಕಾಣುತ್ತದೆ ಎನ್ನುವವರನ್ನು ಯಾಕೆ ಕಳಿಸಬೇಕು? ಅದರಲ್ಲೂ ಇವರು ದಿನವಿಡೀ ಕಣ್ಣಿನ ಕೆಲಸದಲ್ಲೇ ಇರುವವರು. ತಮ್ಮ ಕಣ್ಣು ತಾವು ನೋಡಿಕೊಂಡಿರುತ್ತಾರೆ ಎಂದು ನಾನು. ನನ್ನ ಒಳಗನ್ನೆಲ್ಲ ಡಾಕ್ಟರು ತಿಂಗಳು ತಿಂಗಳು ನೋಡುತ್ತಿದ್ದಾರೆ ಎಂದು ಅವರು. ಇಬ್ಬರೂ ನಿಶ್ಚಿಂತೆಯಿಂದ ಇದ್ದೆವು.

ಒಂದು ದಸರೆ ಮುಗಿದ ವಾರ ಅವರು ಬಂದಾಗ ಒಂದು ಮಾತು ಹೇಳಿದರು. ಹಿಂದಿನ ವಾರ ಹೆಂಡತಿಯನ್ನು ಕರೆದುಕೊಂಡು ಬನ್ನಿಮಂಟಪಕ್ಕೆ ಪಂಜಿನ ಕವಾಯತು ನೋಡಲು ಹೋಗಿದ್ದರಂತೆ. ಪ್ರತಿ ವರ್ಷ ಹೋಗುತ್ತಿದ್ದರು, ಮುಂದಿನ ಸಾಲಿನಲ್ಲೇ ಕೂರಬೇಕು ಎಂಬ ಹಟ ಅವರ ಹೆಂಡತಿಯದು. “ಈ ಸಲ ಪಂಜುಗಳೆಲ್ಲ ಒಂದರೊಳಗೊಂದು ಸೇರಿಕೊಂಡ ಹಾಗೆ ಕಾಣ್ತು ಡಾಕ್ಟ್ರೇ. ಅಕ್ಷರ ಬರೀತಾರಲ್ಲ ಪಂಜಿನಲ್ಲಿ, ಅದು ಓದಕ್ಕಾಗಲಿಲ್ಲ. ಇವಳು ಓದಿ ಹೇಳಿದಳು.”

ಹೊರಗೆ ಹತ್ತು ಜನ ಕಾಯುತ್ತಿದ್ದರು. ವೈರಲ್ ಜ್ವರದ ಕಾಲ. ನಾನು ಜೇಬಿನ ಟಾರ್ಚು ತೆಗೆದು ಎರಡೂ ಕಣ್ಣಿಗೆ ಒಂದೊಂದು ಸಲ ಬೆಳಕು ಬಿಟ್ಟೆ. ಹಲಗೆ ಓದಿಸಿದೆ, ಓದಿದರು. “ಪೊರೆ ಶುರುವಾಗಿರಬೇಕು. ಈ ವಯಸ್ಸಿಗೆ ಸಹಜ. ಬಲೀಲಿ ಬಿಡಿ, ಆಮೇಲೆ ಆಪರೇಷನ್ ಮಾಡಿಸಿದರಾಯ್ತು” ಎಂದೆ.

ಅವರು ತಲೆಯಾಡಿಸಿ ಎದ್ದು ಹೋದರು. ಹನ್ನೊಂದು ವರ್ಷ ನನ್ನ ಒಂದು ಮಾತನ್ನೂ ಮೀರದ ರೋಗಿ ಆ ಮಾತನ್ನೂ ಮೀರಲಿಲ್ಲ. ಬಲಿಯಲಿ ಎಂದು ಕಾದರು. ಒಂದೂ ಕಾಲು ವರ್ಷ.

ಆ ಅವಧಿಯಲ್ಲಿ ಅಂಗಡಿಯಲ್ಲಿ ಕೆಲವು ಬದಲಾವಣೆಗಳಾದವು. ನಾನು ದಿನಾ ಅದರ ಮುಂದೆಯೇ ಹಾದುಹೋಗುತ್ತಿದ್ದೆ, ಆದರೂ ಅರ್ಥ ಮಾಡಿಕೊಳ್ಳಲಿಲ್ಲ. ಊಟದ ಡಬ್ಬಿ ತಂದು ಹೋಗುತ್ತಿದ್ದ ಹೆಂಡತಿ ಅಂಗಡಿಯಲ್ಲೇ ಕೂರತೊಡಗಿದರು. ಚೀಟಿಯ ಮೇಲಿನ ನಂಬರನ್ನು ಆಕೆಯೇ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಇವರು ಫ್ರೇಮಿನ ತಿರುಪನ್ನು ಬೆರಳ ತುದಿಯಲ್ಲೇ ತಡವಿ ಕೂರಿಸುತ್ತಿದ್ದರು. ನೋಡಿದವರಿಗೆ ಪಳಗಿದ ಕೈ ಅನ್ನಿಸುತ್ತಿತ್ತು. ನನಗೂ ಹಾಗೇ ಅನ್ನಿಸಿತ್ತು...

ಹೊಸ ವರ್ಷದ ಮೊದಲ ವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವರು ಹೆಂಡತಿಯ ಕೈ ಹಿಡಿದು ಬಂದರು. ಆಕೆ ಎಂದೂ ಇಲ್ಲದ ಹಾಗೆ ಮಾತಿಲ್ಲದೆ ನಿಂತಿದ್ದರು. ಅವರೇ, ತಮ್ಮ ಎಡಗಣ್ಣಿನ ಮುಂದೆ ಬೆಳಿಗ್ಗೆ ಎದ್ದಾಗಿನಿಂದ ಮಸಿ ಸುರಿದ ಹಾಗಿದೆ ಎಂದರು. ಕಪ್ಪು ದಾರಗಳು ಮೇಲಿಂದ ಕೆಳಕ್ಕೆ ಇಳಿಯುತ್ತಿವೆ, ಆಚೆಗೆ ಬರೀ ಕೆಂಪು. ವೈದ್ಯನ ಅಭ್ಯಾಸಬಲ, “ಬಲಗಣ್ಣು ಹೇಗಿದೆ, ಹಲಗೆ ಓದಿ ನೋಡೋಣ” ಎಂದೆ.

ಅವರು ಸ್ಟೂಲಿನ ಮೇಲೆ ಕೂತರು. ಎಡಗಣ್ಣಿಗೆ ಅಂಗೈ ಮುಚ್ಚಿದರು. ಗೋಡೆಯತ್ತ ಮುಖ ಮಾಡಿ, ಅದೇ ರಾಗದಲ್ಲಿ, ಮೇಲಿನ ಸಾಲಿನಿಂದ ಶುರುಮಾಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. “ದ ಗ ಪ ರ ನ ಲ ಬ ಯ” ಎಂದು ಮುಗಿಸಿದರು. ದೇವರು ದೊಡ್ಡವನು, ಒಂದು ಕಣ್ಣಾದರೂ ಸರಿಯಿದೆ ಎಂದುಕೊಂಡು ನಾನು ಗೋಡೆಯ ಕಡೆ ತಿರುಗಿದೆ.

ಹಲಗೆ ಅಲ್ಲಿರಲಿಲ್ಲ. ಅಂದರೆ ಕಾಣುವ ಹಾಗೆ ಇರಲಿಲ್ಲ. ಔಷಧಿ ಕಂಪನಿಯವರು ಕೊಟ್ಟ ಹೊಸ ಕ್ಯಾಲೆಂಡರನ್ನು ಹಿಂದಿನ ಸಂಜೆ ಸಿಸ್ಟರ್ ಅದೇ ಮೊಳೆಗೆ, ಹಲಗೆಯ ಮೇಲೇ ನೇತುಹಾಕಿದ್ದರು. ದೊಡ್ಡ ಬಿಳಿ ಹಾಳೆ, ಮೇಲೆ ಕಪ್ಪು ಅಂಕಿಗಳು. ಜನವರಿ ತಿಂಗಳು.

ಕೋಣೆಯಲ್ಲಿದ್ದ ನಾಲ್ಕು ಜನರಲ್ಲಿ ಮೂವರಿಗೆ ಅದು ಒಟ್ಟಿಗೇ ಕಂಡಿತು. ಸಿಸ್ಟರ್ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡರು. ಅವರ ಹೆಂಡತಿ ಒಮ್ಮೆ ಗೋಡೆಯನ್ನೂ ಒಮ್ಮೆ ಗಂಡನನ್ನೂ ನೋಡಿದರು. ಅವರು ಮಾತ್ರ ಅಂಗೈ ತೆಗೆದು, “ಸರಿ ಇದೆಯಲ್ವಾ?” ಎಂದು ಕೇಳಿದರು.

ನಾನು ಹೇಳಬೇಕಾಯಿತು. ಅವರು ಇನ್ನೊಮ್ಮೆ ಗೋಡೆಯತ್ತ ಮುಖ ತಿರುಗಿಸಿದರು. “ನನಗೆ ಕಾಣ್ತಿತ್ತು ಡಾಕ್ಟ್ರೇ. ಶಿವನಾಣೆ ಕಾಣ್ತಿತ್ತು” ಎಂದರು. ಸುಳ್ಳು ಹೇಳುವ ಮನುಷ್ಯರಲ್ಲ ಅವರು. ನಲವತ್ತು ವರ್ಷ ದಿನಕ್ಕೆ ಹತ್ತು ಸಲ ಆ ಅಕ್ಷರಗಳನ್ನು ಜನರಿಂದ ಓದಿಸಿದವರು. ಬಿಳಿಯ ಹಾಳೆಯ ಮೇಲೆ ಏನೋ ಕಪ್ಪಗೆ ಮಬ್ಬಾಗಿ ಕಂಡರೆ ಸಾಕು, ಮಿಕ್ಕದ್ದನ್ನು ನೆನಪು ತುಂಬಿಕೊಡುತ್ತಿತ್ತು. ಎಷ್ಟು ವರ್ಷದಿಂದ ಕಣ್ಣಿನ ಬದಲು ನೆನಪು ಓದುತ್ತಿತ್ತೋ ಅವರಿಗೂ ಗೊತ್ತಿರಲಿಲ್ಲ. ನಾನಂತೂ ಕೇಳುವ ಧೈರ್ಯ ಮಾಡಲಿಲ್ಲ.

ಆ ಮಧ್ಯಾಹ್ನವೇ ಅವರಿಬ್ಬರನ್ನೂ ನನ್ನ ಕಾರಿನಲ್ಲಿ ಕೂರಿಸಿಕೊಂಡು ಕಣ್ಣಿನ ಆಸ್ಪತ್ರೆಗೆ ಹೋದೆ. ಹನಿ ಹಾಕಿ, ಕಾಯಿಸಿ, ಕತ್ತಲೆ ಕೋಣೆಯಲ್ಲಿ ಪರೀಕ್ಷೆ ಮಾಡಿದವರು ರೆಟಿನಾ ತಜ್ಞೆ, ನನ್ನ ಮಗಳ ವಯಸ್ಸಿನವರು. ಎರಡೂ ಕಣ್ಣನ್ನು ಬಹಳ ಹೊತ್ತು ನೋಡಿದರು. ಎಡಗಣ್ಣಿನ ಒಳಗೆಲ್ಲ ರಕ್ತ ತುಂಬಿದೆ, ಪರದೆ ಎಳೆದುಕೊಂಡು ಕಿತ್ತು ಬಂದಿದೆ, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ಬಲಗಣ್ಣಿನ ನಡುಭಾಗ ಊದಿಕೊಂಡಿದೆ, ಲೇಸರ್ ಮತ್ತು ಇಂಜೆಕ್ಷನ್ ಕೊಟ್ಟು ಇದ್ದಷ್ಟನ್ನು ಉಳಿಸಲು ನೋಡಬಹುದು ಎಂದರು. ಪೊರೆ? ಪೊರೆ ಅಂಥದ್ದೇನೂ ಇಲ್ಲ ಎಂದರು.

ಆಮೇಲೆ ಆಕೆ ಫೈಲು ಮುಚ್ಚಿ ಕೇಳಿದರು. “ಹನ್ನೆರಡು ವರ್ಷದಿಂದ ಶುಗರ್ ಇದೆ ಅಂತೀರಿ. ಇಷ್ಟು ದಿನ ಒಮ್ಮೆಯೂ ಯಾರೂ ರೆಟಿನಾ ಚೆಕ್‌ಅಪ್‌ಗೆ ಕಳಿಸಲಿಲ್ವಾ?”

ಕೇಳಿದ್ದು ಅವರನ್ನು, ನೋಡಿದ್ದು ನನ್ನನ್ನು. ನಾನು ಉತ್ತರ ಕೊಡಲು ಬಾಯಿ ತೆರೆದಿದ್ದೆ. ತೆರೆದಿದ್ದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಷ್ಟರಲ್ಲಿ ಅವರು, ಹನಿ ಹಾಕಿದ ಕಣ್ಣನ್ನು ಎತ್ತಲೋ ನೆಟ್ಟು, ಸಮಾಧಾನವಾಗಿ ಹೇಳಿದರು. “ಕಳಿಸಿದ್ರು ತಾಯಿ. ನಮ್ಮ ಡಾಕ್ಟ್ರು ವರ್ಷಾ ವರ್ಷಾ ಹೇಳ್ತಾನೇ ಇದ್ರು. ನಾನೇ ಅಂಗಡಿ ಬಿಟ್ಟು ಬರಕ್ಕಾಗಲ್ಲ ಅಂತ ಉದಾಸೀನ ಮಾಡ್ಬುಟ್ಟೆ.”

ಆ ತಜ್ಞೆ ನನ್ನ ಕಡೆ ನೋಡಿ, ಪಾಪ ಎನ್ನುವ ಹಾಗೆ ತಲೆಯಾಡಿಸಿದರು. ಇಂಥ ರೋಗಿಗಳು ನಮಗೂ ಸಿಗುತ್ತಾರೆ ಎನ್ನುವ ತಲೆಯಾಟ. ಅಷ್ಟು ಹೊತ್ತು ಕಲ್ಲಿನ ಹಾಗೆ ಕೂತಿದ್ದ ಅವರ ಹೆಂಡತಿಗೆ ಆಗ ಮಾತು ಬಂತು. “ಅಯ್ಯೋ ನಿಮ್ಮ ಮನೆ ಹಾಳಾಗ! ಡಾಕ್ಟ್ರು ಹೇಳಿದ್ರಾ? ನನಗೊಂದು ಮಾತು ಹೇಳಬಾರದಾಗಿತ್ತಾ? ಕಿವಿ ಹಿಡಿದು ಎಳ್ಕೊಂಡು ಬರ್ತಿದ್ದೆನಲ್ಲಾ... ಊರಿನವರ ಕಣ್ಣೆಲ್ಲ ನೋಡಿದ್ರಿ, ನಿಮ್ಮ ಕಣ್ಣು ನೋಡ್ಕೊಳಕ್ಕೆ ಏನಾಗಿತ್ತು ರೋಗ?” ಎಂದು ಅಳುತ್ತ ಬೈದರು, ಬೈಯುತ್ತ ಅತ್ತರು. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಒಂದು ಮಾತೂ ಆಡಲಿಲ್ಲ.

ವಾಪಸ್ ಬರುವಾಗ ಅವರ ಹೆಂಡತಿ ಔಷಧಿ ತರಲು ಅಂಗಡಿಗೆ ಇಳಿದ ಐದು ನಿಮಿಷ, ಕಾರಿನಲ್ಲಿ ನಾವಿಬ್ಬರೇ ಇದ್ದೆವು. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. “ಅಲ್ಲಿ ಹೇಳಿ ಏನಾಗಬೇಕು ಡಾಕ್ಟ್ರೇ? ಕಣ್ಣು ವಾಪಸ್ ಬರ್ತದಾ? ನಾಳೆ ನಮ್ಮ ಬೀದಿ ಜನ ಜ್ವರ ಬಂದರೆ ನಿಮ್ಮ ಹತ್ರಾನೇ ಬರಬೇಕು” ಎಂದರು. “ಇನ್ಮೇಲೆ ಮಿಕ್ಕವರನ್ನ ಕಳಿಸಿ. ಕಾಣ್ತದೆ ಅಂದ್ರೂ ಕಳಿಸಿ” ಎಂದರು. ಆಮೇಲೆ ಆ ವಿಷಯ ಅವರು ಎತ್ತಲೇ ಇಲ್ಲ.

ಮಿಕ್ಕವರನ್ನು ಕಳಿಸಿದೆ. ಮರುದಿನದಿಂದಲೇ ಸಕ್ಕರೆಯ ಫೈಲುಗಳನ್ನೆಲ್ಲ ಸಿಸ್ಟರ್ ಕೈಯಲ್ಲಿ ತೆಗೆಸಿ, ಒಬ್ಬೊಬ್ಬರಿಗೂ ಚೀಟಿ ಬರೆದೆ. ಜನ ಗೊಣಗಿದರು. ಚೆನ್ನಾಗೇ ಕಾಣ್ತದಲ್ಲ, ಹನಿ ಹಾಕಿ ಅರ್ಧ ದಿನ ಕೂರಿಸ್ತಾರೆ, ಗಾಡಿ ಓಡಿಸಕ್ಕೆ ಬಿಡಲ್ಲ ಎಂದರು. ನಾನು ರೇಗಿದೆ, ಗದರಿಸಿದೆ, ಚೀಟಿ ತರದಿದ್ದರೆ ಮಾತ್ರೆ ಬರೆಯುವುದಿಲ್ಲ ಎಂದು ಹೆದರಿಸಿದೆ. ಡಾಕ್ಟರಿಗೆ ವಯಸ್ಸಾಯಿತು, ಸಿಡುಕು ಜಾಸ್ತಿಯಾಗಿದೆ ಎಂದು ಬೀದಿಯಲ್ಲಿ ಮಾತಾಯಿತು. ಹೋದವರಲ್ಲಿ ಕೆಲವರ ಕಣ್ಣಿನಲ್ಲಿ ಕಾಯಿಲೆ ಸಿಕ್ಕಿತು, ಹೊತ್ತು ಮೀರುವ ಮುಂಚೆ ಸಿಕ್ಕಿತು. ರಾಮಕೃಷ್ಣನಗರದಿಂದ ಬರುವ ಒಬ್ಬ ಮೇಷ್ಟರು ಈಗಲೂ ನನ್ನ ಕೈ ಹಿಡಿದು ಕಣ್ಣು ಉಳಿಸಿದಿರಿ ಎನ್ನುತ್ತಾರೆ. ನಾನು ಮಾತು ಬದಲಿಸುತ್ತೇನೆ.

ಕನ್ನಡಕದವರ ಎಡಗಣ್ಣು ಹೋಯಿತು. ಬಲಗಣ್ಣಿನಲ್ಲಿ ಬಾಗಿಲು ಯಾವುದು ಕಿಟಕಿ ಯಾವುದು ಎನ್ನುವಷ್ಟು ಉಳಿಯಿತು. ಅಂಗಡಿ ಮುಚ್ಚಿದರು. ಹಗಲೆಲ್ಲ ಮನೆ ಮುಂದಿನ ಜಗಲಿಯಲ್ಲಿ ಕೂತಿರುತ್ತಿದ್ದರು. ಗಿರಾಕಿಗಳು ಅಲ್ಲಿಗೂ ಹೋಗಿ, ಕೈಯಲ್ಲಿ ಕನ್ನಡಕ ಇಟ್ಟು, ಸಡಿಲವಾಗಿದೆ ನೋಡಿ ಎನ್ನುತ್ತಿದ್ದರಂತೆ. ಬೆರಳಲ್ಲೇ ತಡವಿ ಸರಿಮಾಡಿ ಕೊಡುತ್ತಿದ್ದರಂತೆ. ಎಲ್ಲ ‘ಅಂತೆ’ಯೇ, ಯಾಕೆಂದರೆ ನಾನು ಅವರ ಮನೆಯ ಬೀದಿಗೆ ಹೋಗುವುದನ್ನು ಕಡಿಮೆ ಮಾಡಿದ್ದೆ. ಕ್ಲಿನಿಕ್ಕಿನಿಂದ ನನ್ನ ಮನೆಗೆ ಅದೇ ಹತ್ತಿರದ ದಾರಿ. ನಾನು ಸುತ್ತು ಹಾಕಿ ಹೋಗುತ್ತಿದ್ದೆ. ಹೋದಾಗೆಲ್ಲ ಆಕೆ ಕಾಫಿ ತಂದಿಟ್ಟು, ನನ್ನೆದುರಿಗೆ ಅವರನ್ನು ಬೈಯುತ್ತಿದ್ದರು. “ನೋಡಿ, ನಿಮ್ಮ ಮಾತು ಕೇಳಿದ್ರೆ ಇವತ್ತು ಹಿಂಗೆ ಕೂರಬೇಕಿತ್ತಾ? ಕೇಳಿ ಇವರನ್ನ!” ಅವರು ನಾನಿರುವ ದಿಕ್ಕಿಗೆ ಮುಖ ತಿರುಗಿಸಿ ನಗುತ್ತಿದ್ದರು. ಆ ಕಾಫಿಯನ್ನು ಅರ್ಧಕ್ಕೇ ಬಿಟ್ಟು ನಾನು ಎದ್ದು ಬರುತ್ತಿದ್ದೆ.

ಆಗ ಹೇಳಬಹುದಿತ್ತು. ಎಷ್ಟು ಸಲ ಹೇಳಲು ಹೊರಟಿದ್ದೆನೋ... ಮನೆಯಿಂದ ಹೊರಡುವಾಗ ಮಾತು ಜೋಡಿಸಿಕೊಂಡೇ ಹೊರಡುತ್ತಿದ್ದೆ. ಹೆದರಿಕೆ. ಬೇರೇನೂ ಅಲ್ಲ. ಆಕೆಯ ಬಾಯಿ ನನಗೆ ಗೊತ್ತಿತ್ತು. ನಾಳೆ ಬೆಳಗಾಗುವುದರೊಳಗೆ ಕುಂಬಾರಕೊಪ್ಪಲಿನ ಪ್ರತಿ ಮನೆಗೂ ಸುದ್ದಿ ಮುಟ್ಟುತ್ತದೆ. ಮೂವತ್ತು ವರ್ಷ ಕಟ್ಟಿಕೊಂಡ ಹೆಸರು. ಅವರೇ ಮುಚ್ಚಿಟ್ಟದ್ದನ್ನು ನಾನೇಕೆ ತೆರೆಯಲಿ ಎಂಬ ಸಬೂಬನ್ನೂ ಹುಡುಕಿಕೊಂಡಿದ್ದೆ.

ನಾಲ್ಕು ವರ್ಷದ ನಂತರ ಒಂದು ಮಧ್ಯಾಹ್ನ, ಊಟ ಮಾಡಿ ಗೋಡೆಗೆ ಒರಗಿದವರು ಏಳಲಿಲ್ಲ. ಹೃದಯ. ನಾನು ಹೋಗುವಷ್ಟರಲ್ಲಿ ಮೈಗೆಲ್ಲ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ ಅವರನ್ನು ಕೂರಿಸಿದ್ದರು. ಯಾರೋ ಹಿರಿಯರು, ಜೀವಮಾನವೆಲ್ಲ ಹಾಕಿದ್ದ ಕನ್ನಡಕ, ಅದನ್ನೂ ಹಾಕೋಣವಾ ಎಂದು ಕೇಳಿದರು. ಆಕೆ ಅಳುವಿನ ನಡುವೆಯೇ, “ಬ್ಯಾಡ ಬುಡಿ. ಇರೋವಾಗಲೇ ಡಾಕ್ಟ್ರ ಮಾತು ಕೇಳದೋರಿಗೆ ಈಗ್ಯಾಕೆ ಕನ್ನಡಕ” ಎಂದರು. ಜನ ನನ್ನ ಕಡೆ ಗೌರವದಿಂದ ನೋಡಿ ದಾರಿ ಬಿಟ್ಟರು. ನಾನು ಕೈ ಮುಗಿದು ಹೊರಗೆ ಬಂದೆ.

ಅದಾಗಿ ಎರಡು ವರ್ಷ ಕಳೆದಿದೆ. ಆಕೆ ಈಗಲೂ ತಿಂಗಳಿಗೊಮ್ಮೆ ಬಿ.ಪಿ. ನೋಡಿಸಲು ಬರುತ್ತಾರೆ. ಬಂದವರು ಸರದಿ ಬರುವವರೆಗೆ ಸುಮ್ಮನೆ ಕೂರುವವರಲ್ಲ. ಬಣ್ಣದವರು ಕೆಲಸ ಮುಗಿಸಿ ಹೋದ ಮರುದಿನ, ಅರ್ಧ ಬಾಗಿಲಿನ ಆಚೆಯಿಂದ ಆಕೆಯ ದನಿ ಕೇಳಿಸುತ್ತಿತ್ತು. ಯಾರೋ ಹೊಸ ರೋಗಿಗೆ, ಕಣ್ಣಿನ ಚೀಟಿ ಹಿಡಿದು ಗೊಣಗುತ್ತಿದ್ದ ಹೆಂಗಸಿಗೆ, ಬುದ್ಧಿ ಹೇಳುತ್ತಿದ್ದರು. “ಹೋಗಿ ತೋರಿಸ್ಕೊಂಡು ಬಾ ಕಣಮ್ಮ. ನಮ್ಮನೆಯವರೂ ಹಿಂಗೇ ಮಾಡಿದ್ರು. ಈ ಡಾಕ್ಟ್ರು ಬಾಯಿ ಬಾಯಿ ಬಡ್ಕೊಂಡ್ರು, ಕೇಳಲಿಲ್ಲ. ಹಟಮಾರಿ ಮನುಷ್ಯ. ಕೈಯಾರೆ ಕಣ್ಣು ಕಳ್ಕೊಂಡ್ರು.”

ಇಷ್ಟು ವರ್ಷ ಆ ಮಾತು ಗುರುತಿನವರ ನಡುವೆ ಇತ್ತು. ಈಗ ಗುರುತಿಲ್ಲದವರ ಮುಂದೆ ಆ ಮನುಷ್ಯ ಹಟಮಾರಿಯಾಗುತ್ತಿದ್ದರು. ಹನ್ನೊಂದು ವರ್ಷ ನನ್ನ ಒಂದು ಮಾತನ್ನೂ ಮೀರದ ಮನುಷ್ಯ. ನನಗೆ ಕೂರಲಾಗಲಿಲ್ಲ. ಸರದಿ ಬಿಟ್ಟು ಆಕೆಯನ್ನೇ ಒಳಗೆ ಕರೆಸಿ, ಸಿಸ್ಟರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿದೆ.

“ನಾನು ಅವರಿಗೆ ಹೇಳಿರಲಿಲ್ಲಮ್ಮ” ಎಂದೆ. “ಒಂದು ಸಲಾನೂ ಕಳಿಸಿರಲಿಲ್ಲ. ಪಂಜು ಸರಿಯಾಗಿ ಕಾಣಲಿಲ್ಲ ಅಂತ ಅವರೇ ಬಂದು ಹೇಳಿದ್ರು. ಪೊರೆ, ಬಲೀಲಿ ಬಿಡಿ ಅಂದೆ. ನನ್ನ ಮಾತು ಕೇಳಿಯೇ ಅವರು ಸುಮ್ಮನಿದ್ದದ್ದು.”

ಆಕೆ ಅರ್ಥವಾಗದವರ ಹಾಗೆ ನೋಡಿದರು. “ಮತ್ತೆ ಅವತ್ತು ಆಸ್ಪತ್ರೇಲಿ...”

“ನನ್ನ ಮಾನ ಉಳಿಸೋದಕ್ಕೆ ಹಾಗೆ ಹೇಳಿದ್ರು.”

ಬೈಯಲಿ ಎಂದು ಕಾದೆ. ಬೀದಿಯೆಲ್ಲ ಕೇಳುವ ಹಾಗೆ ಬೈಯಲಿ ಎಂದು ಮನಸ್ಸು ಬೇಡುತ್ತಿತ್ತು. ಆಕೆ ಬೈಯಲಿಲ್ಲ. ಮಡಿಲಲ್ಲಿದ್ದ ಎರಡು ಕೈಗಳನ್ನು ನೋಡಿಕೊಂಡರು. ಆಮೇಲೆ ನನಗಲ್ಲ, ತಮಗೇ ಹೇಳಿಕೊಳ್ಳುವ ಹಾಗೆ ಮಾತಾಡಿದರು.

“ನಾಕು ವರ್ಷ ಕಣ್ರೀ... ದಿನಾ ಬೈದೆ. ಕೈ ಹಿಡ್ಕೊಂಡು ಬಚ್ಚಲಿಗೆ ಕರಕೊಂಡು ಹೋಗೋವಾಗ ಬೈದೆ. ತಟ್ಟೇಲಿ ಇದು ಪಲ್ಯ ಇದು ಮುದ್ದೆ ಅಂತ ತೋರಿಸೋವಾಗ ಬೈದೆ. ಹೋದ ದಿನಾನೂ ಬೈದೇ ಊಟ ಬಡಿಸಿದ್ದು. ಒಂದು ಸಲನಾದ್ರೂ ನನ್ನದು ತಪ್ಪಲ್ಲ ಕಣೇ ಅನ್ನಲಿಲ್ಲ ಅವರು. ಯಾರಾದ್ರೂ ಒಬ್ಬರು ನನಗೆ ಹೇಳಬಾರದಾಗಿತ್ತಾ?”

ಯಾರಾದರೂ ಒಬ್ಬರು ಎಂದರೆ, ಗೊತ್ತಿದ್ದವರು ಇಬ್ಬರೇ. ಒಬ್ಬರು ನನಗಾಗಿ ಬಾಯಿ ಮುಚ್ಚಿಕೊಂಡರು. ಇನ್ನೊಬ್ಬ ನಾನು.